ರೀಮರ್ ಕೆಟ್ಟಿಲ್ಲ, ಮೂತಿ ಕೆಟ್ಟಿದೆ: ಬೋರಿನ ದೋಷ ಹಿಡಿಯುವ ಬಗೆ

ರೀಮರ್ ಅಂದರೆ ಡ್ರಿಲ್ ಮಾಡಿದ ತೂತನ್ನು (ಬೋರನ್ನು) ಸರಿಯಾದ ಅಳತೆಗೆ ನಯವಾಗಿ ತರುವ ಹಲ್ಲಿನ ಟೂಲು. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಟೂಲ್ ಗ್ರೈಂಡಿಂಗ್ ಅಂಗಡಿಗೆ ಅದನ್ನು ತರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: "ಕಾಕಾ, ಧಾರಿ ಹೋಗೈತಿ, ಸಾಣಿ ಹಿಡದು ಕೊಡ್ರಿ." ಕಳೆದ ಬೇಸಿಗೆಯಲ್ಲಿ ತಾರಿಹಾಳದ ಕಡೆಯಿಂದ ಒಬ್ಬ ಹುಡುಗ ಬಂದ. 20 ಎಂಎಂ ಎಚ್7 (ತೂತಿನ ಅಳತೆಯ ದರ್ಜೆ) ರೀಮರ್, ಹಳೇ ಪೇಪರಿನಲ್ಲಿ ಸುತ್ತಿ, ಸ್ಪ್ಯಾನರ್ ಮತ್ತು ಅಲೆನ್ ಕೀಗಳ ಜೊತೆ ಒಂದೇ ಚೀಲದಲ್ಲಿ.

"ಜಾಬ್ ಎಲ್ಲೈತಿ?" ಅಂದೆ, ಅಂದರೆ ಅದರಿಂದ ತೂತು ಮಾಡಿದ ತುಂಡು.

"ಜಾಬ್ ಯಾಕ್ರಿ ಕಾಕಾ? ಸಾಣಿ ಹಿಡಿಯೂದು ರೀಮರಿಗೆ."

"ಹೊಟ್ಟಿ ನೋಯ್ತೈತಿ ಅಂತ ಡಾಕ್ಟರ ಕಡೆ ಹೋಗುಮುಂದ ಹೊಟ್ಟಿ ಮನ್ಯಾಗ ಬಿಟ್ಟು ಹೋಗ್ತಿಯೇನು?"

ಮಧ್ಯಾಹ್ನ ವಾಪಸ್ ಬಂದ, ಐದು ಬುಶ್ ಹಿಡಿದುಕೊಂಡು. ವಾಲ್ವಿನ ಸ್ಪಿಂಡಲ್ಲಿಗೆ ಹಾಕುವ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಶ್, ಅಂದರೆ ಕೊಳವೆಯಂಥ ತುಂಡು. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಕಾರ್ಖಾನೆಗಳು ಎಷ್ಟಿವೆಯೋ, ಅವುಗಳಿಗೆ ಬುಶ್, ಗ್ಲ್ಯಾಂಡ್, ಯೋಕ್ ನಟ್ ಮಾಡಿಕೊಡುವ ಸಣ್ಣ ಶೆಡ್ಡುಗಳು ಅದಕ್ಕಿಂತ ಹೆಚ್ಚು. ಅಂಥ ಒಂದು ಶೆಡ್ಡಿನ ಹುಡುಗ ಇವನು. ಅವನ ತಕರಾರು ಹೀಗಿತ್ತು: "ನಮ್ಮ ಕಡೆ ಗೋ ಗೇಜ್ ಸಲೀಸ ಹೊಕ್ಕತೈತ್ರಿ. ಪಾರ್ಟಿ ಕಡೆ ಹೋದಮ್ಯಾಲ ಹೋಗವಲ್ದಂತ. ನಲವತ್ತು ಪೀಸ್ ವಾಪಸ್ ಬಂದಾವ."

ಗೋ ಗೇಜ್ ಅಂದರೆ ಬೋರಿನ ಕನಿಷ್ಠ ಅಳತೆಯ ದುಂಡನೆಯ ಪ್ಲಗ್, ಬೋರ್ ಸರಿಯಿದ್ದರೆ ಅದು ಒಳಗೆ ಹೋಗಲೇಬೇಕು. ಒಂದೇ ಬುಶ್, ಒಂದೇ ಅಳತೆಯ ಗೇಜು. ಇಲ್ಲಿ ಹೋಗುತ್ತದೆ, ಅಲ್ಲಿ ಹೋಗುವುದಿಲ್ಲ. ಇದರ ಗಂಟು ಕೊನೆಗೆ ಬಿಚ್ಚುತ್ತೇನೆ. ರೀಮರ್ ಯಾವುದೇ ಇರಲಿ, ದೋಷ ಹುಡುಕುವುದಕ್ಕೆ ನಾನು ಹಿಡಿಯುವ ದಾರಿ ಒಂದೇ. ಅದನ್ನು ಮೊದಲು ಹೇಳುತ್ತೇನೆ.

ಕೊಯ್ಯುವುದು ಯಾವುದು, ಸವರುವುದು ಯಾವುದು

ರೀಮರಿನ ಹಲ್ಲು ನಾಲ್ಕೈದು ಸೆಂಟಿಮೀಟರ್ ಉದ್ದ ಇರುತ್ತವೆ. ಅಷ್ಟೂ ಉದ್ದ ಲೋಹ ಕೊಯ್ಯುತ್ತದೆ ಅಂತ ನೋಡಿದವರಿಗೆ ಅನಿಸುತ್ತದೆ. ಮಷಿನ್ ರೀಮರಿನಲ್ಲಿ ಕೊಯ್ಯುವುದು ತುದಿಯಲ್ಲಿ 45 ಡಿಗ್ರಿಗೆ ಓರೆ ಮಾಡಿದ ಚೇಂಫರ್ ಮಾತ್ರ. ನಾನು ಅದನ್ನು ಮೂತಿ ಅನ್ನುತ್ತೇನೆ. ಉದ್ದ ಒಂದು, ಹೆಚ್ಚೆಂದರೆ ಒಂದೂವರೆ ಎಂಎಂ. ಅದರ ಹಿಂದೆ ಹಲ್ಲಿನ ಬೆನ್ನ ಮೇಲೆ ದುಂಡಗೆ ಉಳಿಸಿರುವ 0.1ರಿಂದ 0.3 ಎಂಎಂ ಅಗಲದ ಹೊಳೆಯುವ ಪಟ್ಟಿ ಮಾರ್ಜಿನ್. ಅದು ಬೋರಿನ ಗೋಡೆಗೆ ಒರಗಿಕೊಂಡು ರೀಮರನ್ನು ನೆಟ್ಟಗೆ ನಡೆಸುತ್ತದೆ, ಹೋಗುತ್ತ ಹೋಗುತ್ತ ಸ್ವಲ್ಪ ಸವರಿ ನಯ ಮಾಡುತ್ತದೆ. ಅದಕ್ಕೆ ಕೊಯ್ಯುವ ಕೆಲಸವೇ ಇಲ್ಲ. ಕೈಯಿಂದ ತಿರುಗಿಸುವ ಹ್ಯಾಂಡ್ ರೀಮರಿನ ಲೆಕ್ಕ ಬೇರೆ. ಅದರ ಮುಂಭಾಗ ಉದ್ದಕ್ಕೆ ಸಣ್ಣಗಾಗುತ್ತ ಬಂದಿರುತ್ತದೆ, ಆ ಇಳಿಜಾರಿನಲ್ಲಿ ಅದು ಕೊಯ್ಯುತ್ತದೆ. ಅದನ್ನು ಮಷಿನ್ನಿಗೆ ಹಾಕುವವರೂ ಇದ್ದಾರೆ, ಹಾಕಬೇಡಿ.

ಇನ್ನೊಂದು ಸಂಗತಿ. ರೀಮರಿನ ವ್ಯಾಸ ತುದಿಯಿಂದ ಶ್ಯಾಂಕಿನ (ಹಿಡಿಯ) ಕಡೆಗೆ ತೀರಾ ಸ್ವಲ್ಪ ಇಳಿಯುತ್ತ ಹೋಗುತ್ತದೆ. ಇದು ಬ್ಯಾಕ್ ಟೇಪರ್. ನೂರು ಎಂಎಂ ಉದ್ದಕ್ಕೆ ಸುಮಾರು ಒಂದು ಎಂಎಂನ ನೂರನೇ ಎರಡು ಭಾಗ, ಅಂದರೆ 20 ಮೈಕ್ರಾನ್. ಹಿಂಭಾಗ ಗೋಡೆಗೆ ಉಜ್ಜಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಇದನ್ನು ಕೊಟ್ಟಿರುತ್ತಾರೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ರೀಮರಿನ ಆಯುಷ್ಯದ ಲೆಕ್ಕ ಇದರ ಮೇಲೇ ನಿಂತಿದೆ.

ಹೀಗಾಗಿ ಬೋರ್ ಕೆಟ್ಟಾಗ ನಾನು ಮೊದಲು ನೋಡುವುದು ಆ ಒಂದು ಎಂಎಂ ಮೂತಿಯನ್ನು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಸಾಕು. ಚೇಂಫರ್ ಮತ್ತು ಮಾರ್ಜಿನ್ ಸೇರುವ ಮೂಲೆ ಚೂಪಾಗಿ ಒಂದು ಗೆರೆಯಂತೆ ಕಾಣಬೇಕು. ಆ ಮೂಲೆ ಹೊಳೆಯುತ್ತಿದ್ದರೆ ಅದು ದುಂಡಗಾಗಿದೆ ಅಂತ ಅರ್ಥ, ಯಾಕೆಂದರೆ ಚೂಪಾದ ಅಂಚಿಗೆ ಬೆಳಕು ನಿಲ್ಲುವುದಿಲ್ಲ. ಅದಾದಮೇಲೆ ಒಂದು ಚೂರು ಹತ್ತಿ ತೆಗೆದುಕೊಂಡು ಪ್ರತಿ ಹಲ್ಲಿನ ಅಂಚಿನ ಮೇಲೂ ಉದ್ದಕ್ಕೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಹಲ್ಲು ಮುಕ್ಕಾಗಿದೆ, ಇಲ್ಲವೆ ಲೋಹ ಮೆತ್ತಿಕೊಂಡಿದೆ. ಹತ್ತಿ ಬೆಳೆಯುವ ಸೀಮೆಯವರು ನಾವು, ಅದನ್ನು ಹುಡುಕಲು ದೂರ ಹೋಗಬೇಕಿಲ್ಲ.

ಬೋರನ್ನು ಸೀಳಿ ನೋಡಿ

ರಿಜೆಕ್ಟ್ ಆದ ಜಾಬನ್ನು ಸ್ಕ್ರ್ಯಾಪಿಗೆ ಎಸೆಯುವ ಮೊದಲು ಒಂದನ್ನು ಹ್ಯಾಕ್‌ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಡೀಸೆಲ್ಲಿನಲ್ಲಿ ತೊಳೆದು ಬಾಗಿಲ ಬೆಳಕಿಗೆ ಹಿಡಿಯಿರಿ. ಹೊರಗಿನಿಂದ ಇಣುಕಿದಾಗ ಎಲ್ಲಾ ಬೋರೂ ಹೊಳೆಯುತ್ತದೆ, ಸೀಳಿದಾಗಲೇ ಅದರ ಬಣ್ಣ ಬಯಲು. ಮುಂದೆ ಹೇಳುವ ಒಂದೊಂದು ದೋಷಕ್ಕೂ ಅಲ್ಲಿ ಒಂದೊಂದು ಗುರುತು ಇರುತ್ತದೆ.

ಬೋರ್ ದೊಡ್ಡದಾಗುತ್ತಿದೆ

20 ಎಚ್7 ಅಂದರೆ ಬೋರ್ 20.000ರಿಂದ 20.021ರ ಒಳಗೆ ಇರಬೇಕು. ಆ ಬೋರಿಗೆ ಮಾಡಿದ ಹೊಸ ರೀಮರ್ 20.009ರಿಂದ 20.017ರ ಒಳಗೆ ಇರುತ್ತದೆ. ರೀಮರ್ ತನಗಿಂತ ಸ್ವಲ್ಪ ದೊಡ್ಡ ತೂತನ್ನೇ ಮಾಡುತ್ತದೆ ಅನ್ನುವುದು ಗೊತ್ತಿರುವುದರಿಂದ ಮೇಲುಗಡೆ ಒಂದಿಷ್ಟು ಜಾಗ ಬಿಟ್ಟು ಅದನ್ನು ಮಾಡಿರುತ್ತಾರೆ. ಮೊದಲು ಮೈಕ್ರೋಮೀಟರ್ ಹಿಡಿದು ಎದುರುಬದುರು ಹಲ್ಲುಗಳ ಮೇಲೆ, ಚೇಂಫರಿನ ಬೆನ್ನಿಗೇ, ಅಳೆಯಿರಿ. ಅಳತೆ ಸರಿಯಿದ್ದೂ ಬೋರ್ 20.030 ಬರುತ್ತಿದ್ದರೆ ಮೂರು ಕಾರಣ.

ಮೊದಲನೆಯದು ರನ್‌ಔಟ್, ಅಂದರೆ ತಿರುಗುವಾಗ ರೀಮರ್ ಅತ್ತಿತ್ತ ಆಡುವುದು. ಡಯಲ್ ಗೇಜನ್ನು ರೀಮರಿನ ಮಾರ್ಜಿನ್ ಮೇಲೆ ಇಟ್ಟು ಮಷಿನ್ನಿನ ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿ. ನೂರನೇ ಒಂದು ಭಾಗಕ್ಕಿಂತ ಹೆಚ್ಚು ಆಡಬಾರದು. ಆಡಿದರೆ ರೀಮರನ್ನು ಬೈಯುವ ಮೊದಲು ಬಿಚ್ಚಿ, ಸ್ಲೀವನ್ನು (ರೀಮರ್ ಕೂರುವ ತೋಳನ್ನು) ಒರೆಸಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಎತ್ತರದ ಜಾಗ ರೀಮರಿನ ಜೊತೆ ತಿರುಗಿತೋ ಸ್ಪಿಂಡಲ್ಲಿನ ಜೊತೆ ಉಳಿಯಿತೋ ನೋಡಿದರೆ ತಪ್ಪು ಯಾರದ್ದು ಅನ್ನುವುದು ಅಲ್ಲೇ ತೀರ್ಮಾನ. ನಾನು ಕಂಡ ಹಾಗೆ ಬಹಳ ಸಲ ತಪ್ಪು ಸ್ಲೀವಿನದು. ಡ್ರಿಫ್ಟ್ (ಬಿಚ್ಚುವ ಬೆಣೆ) ಸಿಗದಿದ್ದಾಗ ಟ್ಯಾಂಗಿಗೆ (ಹಿಂತುದಿಗೆ) ಸುತ್ತಿಗೆಯಿಂದ ಹೊಡೆದು ಎಬ್ಬಿಸಿದ ಬರ್ (ಎದ್ದ ಲೋಹದ ಅಂಚು) ಅಲ್ಲಿ ಇರುತ್ತದೆ, ಇಲ್ಲವೆ ಟೇಪರಿನ ಒಳಗೆ ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಶಟರ್ ತೆರೆದಿಟ್ಟು ಸ್ಪಿಂಡಲ್ ಟೇಪರನ್ನು ಬರಿದಾಗಿ ಬಿಟ್ಟು ಊಟಕ್ಕೆ ಹೋಗಬೇಡಿ, ಅಷ್ಟೇ.

ಎರಡನೆಯದು ಮೂತಿಯ ಹಲ್ಲುಗಳು ಹೆಚ್ಚುಕಡಿಮೆ ಇರುವುದು. ಬೆಂಚ್ ಗ್ರೈಂಡರಿನ ಮೇಲೆ ಕೈಯಲ್ಲಿ ಹಿಡಿದು ಸಾಣೆ ಮಾಡಿದ ರೀಮರುಗಳಲ್ಲಿ ಇದು ಇದ್ದೇ ಇರುತ್ತದೆ. ಆರು ಹಲ್ಲಿನಲ್ಲಿ ಎರಡು ಮುಂದೆ ಚಾಚಿದ್ದರೆ ಆ ಎರಡೇ ಎಲ್ಲಾ ಭಾರ ಹೊರುತ್ತವೆ, ರೀಮರ್ ಒಂದು ಕಡೆಗೆ ವಾಲುತ್ತದೆ, ತೂತು ದೊಡ್ಡದಾಗುತ್ತದೆ. ಡ್ರಿಲ್ಲಿಗೆ ಕೈಸಾಣೆ ನಡೆಯುತ್ತದೆ, ರೀಮರಿಗೆ ನಡೆಯುವುದಿಲ್ಲ. ಎರಡು ಸೆಂಟರ್ ನಡುವೆ ಹಿಡಿದು, ಹಲ್ಲಿಗೆ ರೆಸ್ಟ್ ಕೊಟ್ಟು, ಟೂಲ್ ಅಂಡ್ ಕಟರ್ ಗ್ರೈಂಡರಿನಲ್ಲೇ ಆಗಬೇಕು. ಎಲ್ಲ ಹಲ್ಲಿನ ಚೇಂಫರೂ ನೂರನೇ ಒಂದೆರಡು ಭಾಗದೊಳಗೆ ಸಮ ಇರಬೇಕು.

ಮೂರನೆಯದು ಹಲ್ಲಿಗೆ ಮೆತ್ತಿಕೊಂಡ ಲೋಹ. ಮೈಲ್ಡ್ ಸ್ಟೀಲ್, ಸ್ಟೇನ್‌ಲೆಸ್, ಅಲ್ಯೂಮಿನಿಯಂ ಈ ಮೂರರ ಹುಟ್ಟುಗುಣ ಇದು. ಅಂಚಿನ ಮೇಲೆ ಕಟ್ಟಿಕೊಂಡ ಗಂಟು ತಾನೇ ಒಂದು ಹಲ್ಲಾಗಿ ಗೋಡೆಯನ್ನು ಕಿತ್ತು ಹಾಕುತ್ತದೆ. ಸೀಳಿದ ಬೋರಿನಲ್ಲಿ ಒಂದು ಕಡೆ ಕನ್ನಡಿಯಂತೆ ಹೊಳಪು, ಪಕ್ಕದಲ್ಲೇ ಚರ್ಮ ಸುಲಿದ ಹಾಗೆ ಹರಿದ ಗುರುತು ಕಂಡರೆ ಇದೇ ಅಂತ ತಿಳಿಯಿರಿ.

ಮೂತಿಯಲ್ಲಿ ಅಗಲ, ಒಳಗೆ ಸರಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು. ಬೋರಿನ ಮೊದಲ ಮೂರು-ನಾಲ್ಕು ಎಂಎಂ ತುತ್ತೂರಿಯ ಬಾಯಿಯಂತೆ ಅಗಲವಾಗಿ ಒಳಗೆ ಅಳತೆ ಸರಿಯಿದ್ದರೆ ಟೇಲ್‌ಸ್ಟಾಕು (ಲೇತಿನಲ್ಲಿ ರೀಮರ್ ಹಿಡಿಯುವ ಹಿಂಭಾಗ) ಸ್ಪಿಂಡಲ್ಲಿನ ನೇರಕ್ಕೆ ಇಲ್ಲ. ರೀಮರ್ ಒಳಗೆ ಹೊಕ್ಕುವಾಗ ಪಕ್ಕಕ್ಕೆ ಒತ್ತಿ ಬಾಯಿಯನ್ನು ಅಗಲ ಮಾಡುತ್ತದೆ. ಆಮೇಲೆ ಡ್ರಿಲ್ ಮಾಡಿದ ದಾರಿ ಸಿಕ್ಕು ಸುಮ್ಮನಾಗುತ್ತದೆ. ಚಕ್ಕಿನಲ್ಲಿ ಡಯಲ್ ಹಿಡಿದು ಟೇಲ್‌ಸ್ಟಾಕಿನ ಟೇಪರಿನ ಒಳಗೆ ಸುತ್ತಿಸಿ ನೋಡಿ, ಎತ್ತರ ಮತ್ತು ಅಡ್ಡ ಎರಡೂ ಗೊತ್ತಾಗುತ್ತದೆ. ಹಳೇ ಲೇತುಗಳಲ್ಲಿ ಟೇಲ್‌ಸ್ಟಾಕಿನ ತಳ ಸವೆದು ಕೆಳಗೆ ಇಳಿದಿರುತ್ತದೆ, ಅಡ್ಡ ಸ್ಕ್ರೂ ತಿರುಗಿಸಿದರೆ ಅದು ಸರಿಹೋಗುವುದಿಲ್ಲ. ಶಿಮ್ (ತೆಳು ತಗಡು) ಹಾಕಬೇಕು, ಇಲ್ಲವೆ ಫ್ಲೋಟಿಂಗ್ ಹೋಲ್ಡರ್ ಕೊಳ್ಳಬೇಕು. ಸಿಎನ್‌ಸಿ ಲೇತಿನ ಟರೆಟ್ಟಿಗೂ (ಟೂಲ್ ಹಿಡಿಯುವ ತಲೆಗೂ) ಒಮ್ಮೆ ಡಿಕ್ಕಿ ಆಗಿದ್ದರೆ ಇದೇ ರೋಗ.

ಫ್ಲೋಟಿಂಗ್ ಹೋಲ್ಡರ್ ಬಗ್ಗೆ ಒಂದು ಎಚ್ಚರಿಕೆ. ಅದು ರೀಮರನ್ನು ಡ್ರಿಲ್ಲಿನ ತೂತಿನ ಹಿಂದೆ ಹೋಗಲು ಬಿಡುತ್ತದೆ, ಡ್ರಿಲ್ಲನ್ನು ತಿದ್ದುವುದಿಲ್ಲ. ರೀಮರ್ ಯಾವತ್ತೂ ಮುಂದಿನವನ ಹೆಜ್ಜೆಯಲ್ಲೇ ನಡೆಯುವ ಪ್ರಾಣಿ. ತೂತು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ರೀಮಿಂಗಿಗೆ ಮೊದಲು ಸಿಂಗಲ್ ಪಾಯಿಂಟ್ ಬೋರಿಂಗ್ (ಒಂದೇ ಹಲ್ಲಿನ ಟೂಲಿನಿಂದ ಕೊರೆಯುವುದು) ಮಾಡಿಕೊಳ್ಳಿ.

ಒರಟು, ಗೆರೆ, ಕಂಪನ

ಫಿನಿಶ್ ಬರುವುದಿಲ್ಲ ಅಂತ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ: ರೀಮರಿಗೆ ಎಷ್ಟು ಲೋಹ ಬಿಟ್ಟಿದ್ದೀರಿ? ಮುಕ್ಕಾಲುಪಾಲು ಜನಕ್ಕೆ ಗೊತ್ತಿರುವುದಿಲ್ಲ. ಡ್ರಿಲ್ಲಿನ ಮೇಲೆ ಬರೆದ ಅಂಕಿ ಹೇಳುತ್ತಾರೆ. 19.75 ಡ್ರಿಲ್ 19.75ರ ತೂತು ಮಾಡುವುದಿಲ್ಲ, ಅದರ ತುದಿ ಸ್ವಲ್ಪ ಓರೆಯಿದ್ದರೂ 19.85 ಆಗುತ್ತದೆ. 10 ಎಂಎಂ ಬೋರಿಗೆ ವ್ಯಾಸದ ಮೇಲೆ 0.2, 20ಕ್ಕೆ 0.25ರಿಂದ 0.3 ಉಳಿದಿರಬೇಕು. ತೀರಾ ಕಡಿಮೆ ಬಿಟ್ಟರೆ ಒಳ್ಳೆಯದು ಅಂದುಕೊಳ್ಳುವವರೇ ಜಾಸ್ತಿ. ಆದರೆ ಹಲ್ಲಿಗೆ ಕಚ್ಚಲು ಲೋಹ ಸಿಗದಿದ್ದರೆ ಅದು ಕೊಯ್ಯುವ ಬದಲು ಉಜ್ಜುತ್ತದೆ. ಉಜ್ಜಿದಷ್ಟೂ ಮೂಲೆ ಸವೆಯುತ್ತದೆ, ಡ್ರಿಲ್ಲಿನ ಗೆರೆಗಳು ಹಾಗೇ ಉಳಿಯುತ್ತವೆ. ಸ್ಟೇನ್‌ಲೆಸ್ ಆದರಂತೂ ಉಜ್ಜಿದ ಮೇಲ್ಮೈ ಗಟ್ಟಿಯಾಗಿ ಮುಂದಿನ ಹಲ್ಲಿಗೂ ತಿನ್ನಲು ಬಿಡುವುದಿಲ್ಲ.

ಎರಡನೇ ಪ್ರಶ್ನೆ ಸ್ಪೀಡು ಮತ್ತು ಫೀಡು (ಒಂದು ಸುತ್ತು ತಿರುಗುವಾಗ ರೀಮರ್ ಮುಂದೆ ಸರಿಯುವ ದೂರ). ಇಲ್ಲಿ ನಮ್ಮವರು ತಲೆಕೆಳಗು ಮಾಡುತ್ತಾರೆ: ಸ್ಪೀಡ್ ಡ್ರಿಲ್ಲಿನದೇ ಇಟ್ಟು, "ನಯ ಬರ್ಲಿ" ಅಂತ ಫೀಡನ್ನು ಮೆಲ್ಲಗೆ ಮಾಡುತ್ತಾರೆ. ಆಗಬೇಕಾದ್ದು ಉಲ್ಟಾ. ಸ್ಪೀಡ್ ಡ್ರಿಲ್ಲಿನ ಅರ್ಧಕ್ಕೆ ಇಳಿಯಬೇಕು, ಫೀಡ್ ಡ್ರಿಲ್ಲಿನ ಎರಡರಿಂದ ಮೂರು ಪಟ್ಟು ಏರಬೇಕು. ಹೈ ಸ್ಪೀಡ್ ಸ್ಟೀಲ್ ರೀಮರಿಗೆ ಮೈಲ್ಡ್ ಸ್ಟೀಲಿನಲ್ಲಿ ಹಲ್ಲಿನ ಓಟ ನಿಮಿಷಕ್ಕೆ 10 ಮೀಟರ್ ಆಸುಪಾಸು, 304 ಸ್ಟೇನ್‌ಲೆಸ್‌ನಲ್ಲಿ ಅದರ ಅರ್ಧ. 12 ಎಂಎಂ ರೀಮರಿಗೆ 10 ಮೀಟರ್ ಅಂದರೆ 265 ಆರ್‌ಪಿಎಂ. ಪ್ರತಿ ಸುತ್ತಿಗೂ 0.25 ಎಂಎಂ ಫೀಡ್ ಕೊಟ್ಟರೆ ನಿಮಿಷಕ್ಕೆ 66 ಎಂಎಂ. 66 ಅಂದ ಕೂಡಲೇ ಹುಡುಗರು ಹೆದರುತ್ತಾರೆ. ಆರು ಹಲ್ಲಿಗೆ ಹಂಚಿದರೆ ಒಂದೊಂದರ ಪಾಲಿಗೆ 0.04 ಬರುತ್ತದೆ, ಹೆದರುವಂಥದ್ದೇನೂ ಇಲ್ಲ.

ಬೋರಿನೊಳಗೆ ಉದ್ದುದ್ದ ಪಟ್ಟಿ ಪಟ್ಟಿಯಾಗಿ ನೆರಳು-ಬೆಳಕು ಕಂಡರೆ ಅದು ಚಾಟರ್. ಇದರ ಮೋಸ ಬೇರೆ ಥರದ್ದು. ಆರು ಹಲ್ಲಿನ ರೀಮರ್ ನಡುಗಿದರೆ ಬೋರ್ ಐದು ಇಲ್ಲವೆ ಏಳು ಮೂಲೆಯದಾಗುತ್ತದೆ. ಬೆಸ ಮೂಲೆಗಳು. ಎರಡು ಕಾಲಿನ ಬೋರ್ ಗೇಜ್ ಹಾಕಿದರೆ ಒಂದು ಕಾಲು ಗುಡ್ಡದ ಮೇಲೆ, ಇನ್ನೊಂದು ಎದುರಿನ ಕುಳಿಯಲ್ಲಿ ನಿಲ್ಲುತ್ತದೆ, ಎಲ್ಲ ಕಡೆಯೂ ಒಂದೇ ಅಳತೆ ತೋರಿಸುತ್ತದೆ. ಪ್ಲಗ್ ಗೇಜ್ ಮಾತ್ರ ಒಳಗೆ ಹೋಗುವುದಿಲ್ಲ. ಆಪರೇಟರ್ ಗೇಜ್ ತಪ್ಪು ಅನ್ನುತ್ತಾನೆ, ಇನ್‌ಸ್ಪೆಕ್ಟರ್ ಆಪರೇಟರ್ ತಪ್ಪು ಅನ್ನುತ್ತಾನೆ. ಇಬ್ಬರೂ ಸರಿಯಾಗೇ ಅಳೆದಿರುತ್ತಾರೆ.

ಚಾಟರಿಗೆ ಮೊದಲ ಮದ್ದು ಸ್ಪೀಡ್ ಇಳಿಸಿ ಫೀಡ್ ಏರಿಸುವುದು. ಆಮೇಲೆ ರೀಮರ್ ಹೊರಗೆ ಚಾಚಿರುವ ಉದ್ದವನ್ನು ಕಡಿಮೆ ಮಾಡುವುದು. ಇಷ್ಟಾದರೂ ಹೋಗದಿದ್ದರೆ ಸಾಣೆ ನೋಡಿ: ಚೇಂಫರಿನ ಹಿಂದೆ 6ರಿಂದ 8 ಡಿಗ್ರಿ ರಿಲೀಫ್ (ಹಿಂದಕ್ಕೆ ಇಳಿಸಿದ ಓರೆ) ಸಾಕು. ಚೂಪಾಗಲಿ ಅಂತ 12-15 ಕೊಟ್ಟಿದ್ದರೆ ಹಲ್ಲಿಗೆ ಆಸರೆ ಇಲ್ಲದೆ ಅದು ಕಚ್ಚುತ್ತ ಬಿಡುತ್ತ ಹೋಗುತ್ತದೆ. ಒಳ್ಳೆಯ ರೀಮರಿನಲ್ಲಿ ಹಲ್ಲುಗಳ ನಡುವಿನ ಅಂತರವೂ ಸಮ ಇರುವುದಿಲ್ಲ. ಬೇಕಂತಲೇ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಮಾಡಿರುತ್ತಾರೆ, ನಡುಕ ಒಂದೇ ತಾಳಕ್ಕೆ ಬೀಳದಿರಲಿ ಅಂತ. ಆದರೆ ಎದುರುಬದುರು ಜೋಡಿಗಳನ್ನು ನೇರವಾಗೇ ಇಡುತ್ತಾರೆ, ಇಲ್ಲದಿದ್ದರೆ ಮೈಕ್ರೋಮೀಟರ್ ಹಿಡಿಯಲಾಗುವುದಿಲ್ಲ. "ಈ ರೀಮರ್ ಡಿಫೆಕ್ಟ್ ಐತ್ರಿ, ಹಲ್ಲು ಸಮ ಇಲ್ಲ" ಅಂತ ಒಬ್ಬರು ಅಂಗಡಿಗೆ ವಾಪಸ್ ಕೊಟ್ಟು ಬಂದಿದ್ದರು. ಸಮ ಇರುವುದನ್ನು ಆರಿಸಿ ತಂದು ಆಮೇಲೆ ಚಾಟರ್ ಅಂತ ನನ್ನ ಹತ್ತಿರ ಬಂದರು.

ಸ್ಕ್ರೂವಿನ ಹಾಗೆ ಸುತ್ತಿಕೊಂಡ ಒಂದೇ ಗೀರು ಇದ್ದರೆ ಅದು ಒಳಗೆ ಹೋಗುವಾಗ ಆದದ್ದಲ್ಲ, ಹೊರಗೆ ಬರುವಾಗ ಆದದ್ದು. ನೇರ ಉದ್ದ ಗೀರು ಇದ್ದರೆ ಸ್ಪಿಂಡಲ್ ನಿಲ್ಲಿಸಿ ಎಳೆದಿದ್ದೀರಿ. ರೀಮರನ್ನು ಎಂದೂ ಉಲ್ಟಾ ತಿರುಗಿಸಬಾರದು. ಹಾಗೆ ಮಾಡಿದರೆ ಚಿಪ್ಸು ಹಲ್ಲಿನ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ಎರಡನ್ನೂ ಕೆಡಿಸುತ್ತದೆ. ಸ್ಪಿಂಡಲ್ ಮುಂದಕ್ಕೇ ತಿರುಗುತ್ತಿರಲಿ, ಫೀಡಿನಲ್ಲೇ ಹೊರಗೆ ತನ್ನಿ. ವಿಎಂಸಿಯಲ್ಲಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ ಮಿಲ್ಲಿಂಗ್ ಮಷಿನ್) ಇದಕ್ಕೆ ಜಿ85 ಅನ್ನುವ ಕೋಡ್ ಇದೆ. ಡ್ರಿಲ್ಲಿಂಗಿನ ಜಿ81ನ್ನೇ ಕಾಪಿ ಮಾಡಿ ಟೂಲ್ ನಂಬರ್ ಮಾತ್ರ ಬದಲಿಸಿದ್ದರೆ ರೀಮರ್ ರ‍್ಯಾಪಿಡ್‌ನಲ್ಲಿ ಹಾರಿ ಬರುತ್ತದೆ, ಗೀರು ಬೀಳುತ್ತದೆ. ನಡುವೆ ಕರೆಂಟ್ ಹೋಯಿತೆನ್ನಿ, ಚಕ್ಕನ್ನು ಕೈಯಿಂದ ಮುಂದಕ್ಕೇ ತಿರುಗಿಸುತ್ತ ಹೊರಗೆಳೆಯಿರಿ. ಒಂದು ಜಾಬ್ ಹೋದರೂ ರೀಮರ್ ಉಳಿಯುತ್ತದೆ.

ಕೂಲಂಟ್

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಡ್ರಿಲ್ಲಿಂಗಿಗೆ ಐದು ಪರ್ಸೆಂಟ್ ಎಣ್ಣೆ ನಡೆದೀತು, ರೀಮಿಂಗಿಗೆ 8ರಿಂದ 10 ಬೇಕು. ಇಲ್ಲಿ ಉಜ್ಜುವ ಕೆಲಸ ಹೆಚ್ಚು, ತಣ್ಣಗಿಡುವುದಕ್ಕಿಂತ ಜಾರಿಸುವುದು ಮುಖ್ಯ. ಬೋರ್‌ವೆಲ್ಲಿನ ಸವಳು ನೀರಿಗೆ ಎಣ್ಣೆ ಕಲೆಸಿದರೆ ಅದು ಒಡೆದು ಮೇಲೆ ಕೆನೆ ಕಟ್ಟುತ್ತದೆ, ಕೆಳಗೆ ಬರೀ ನೀರು ಹರಿಯುತ್ತದೆ. ಕುಡಿಯುವ ನೀರನ್ನು ಮಷಿನ್ನಿಗೆ ಹಾಕುವುದು ನಮ್ಮ ಊರಲ್ಲಿ ಮನಸ್ಸಿಗೆ ಒಗ್ಗದ ಮಾತು, ಆದರೂ ಕಲೆಸಲಿಕ್ಕೆ ಸಿಹಿನೀರೇ ಬೇಕು. ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಹಾಕಬೇಡಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಳೆಯ ಮದ್ದು, ಈಗಲೂ ಕೆಲಸ ಮಾಡುತ್ತದೆ. ಬೀಡಿಗೆ (ಎರಕದ ಕಬ್ಬಿಣಕ್ಕೆ) ಗಾಳಿ ಸಾಕು. ಅದರೊಳಗಿನ ಗ್ರಾಫೈಟೇ ಜಾರಿಸುತ್ತದೆ, ಕೂಲಂಟ್ ಅರ್ಧಂಬರ್ಧ ಬಿಟ್ಟರೆ ಪುಡಿ ರಾಡಿಯಾಗಿ ಫ್ಲೂಟಿನಲ್ಲಿ (ಹಲ್ಲುಗಳ ನಡುವಿನ ತೋಡಿನಲ್ಲಿ) ಮೆತ್ತುತ್ತದೆ.

ಹೊಸದು ಮಾಡಿಸುವಾಗ, ಸಾಣೆಗೆ ಕೊಡುವಾಗ

ಆರ್ಡರ್ ಕೊಡುವಾಗ ವ್ಯಾಸ ಮಾತ್ರ ಹೇಳಿದರೆ ಅಂಗಡಿಯವನು ಕೈಗೆ ಸಿಕ್ಕದ್ದನ್ನು ಕೊಡುತ್ತಾನೆ. ಮೊದಲು ಹೇಳಬೇಕಾದ್ದು ತೂತು ಆರಪಾರ ಇದೆಯೋ, ತಳ ಮುಚ್ಚಿದೆಯೋ ಅನ್ನುವುದು. ಆರಪಾರ ಇದ್ದರೆ ಫ್ಲೂಟು ಎಡಕ್ಕೆ ತಿರುಚಿದ್ದು ಒಳ್ಳೆಯದು: ಬಲಕ್ಕೆ ತಿರುಗುವಾಗ ಅದು ಚಿಪ್ಸನ್ನು ಮುಂದಕ್ಕೆ ನೂಕುತ್ತದೆ, ನಯವಾದ ಗೋಡೆಗೆ ಚಿಪ್ಸು ತಾಗುವುದಿಲ್ಲ, ರೀಮರ್ ತಾನಾಗಿ ಒಳಗೆ ಎಳೆದುಕೊಳ್ಳುವುದೂ ಇಲ್ಲ. ತಳ ಮುಚ್ಚಿದ್ದರೆ ಎಡತಿರುಚು ಹಾಕಿ ಚಿಪ್ಸನ್ನು ತಳಕ್ಕೆ ಗಿಡಿದು ರೀಮರ್ ಮುರಿದುಕೊಳ್ಳಬೇಡಿ, ಅಲ್ಲಿಗೆ ನೇರ ಫ್ಲೂಟು ಇಲ್ಲವೆ ಬಲತಿರುಚು. ಬೋರಿನಲ್ಲಿ ಕೀವೇ (ಕೀ ಕೂರುವ ಉದ್ದ ತೋಡು) ಇದ್ದರೆ ತಿರುಚು ಇರಲೇಬೇಕು, ನೇರ ಹಲ್ಲು ಆ ತೋಡಿಗೆ ಬಿದ್ದು ಎಗರುತ್ತದೆ. ಬೀಡಿಗೆ ನೇರ ಫ್ಲೂಟೇ ಸಾಕು.

ಮಾರ್ಜಿನ್ ಅಗಲ ಇದ್ದಷ್ಟೂ ಗಟ್ಟಿ ಅಂತ ಕೆಲವರ ನಂಬಿಕೆ. ಅಂಟುವ ಲೋಹಕ್ಕೆ ಅದು ತೀರಾ ತಪ್ಪು. ಪಟ್ಟಿ ಅಗಲವಾದಷ್ಟೂ ಉಜ್ಜಾಟ, ಬಿಸಿ, ಮೆತ್ತಿಕೊಳ್ಳುವುದು. ಇನ್ನೂ ನಯ ಬೇಕೆಂದರೆ ಮಾರ್ಜಿನ್ ಮುಟ್ಟಬೇಡಿ. 45 ಡಿಗ್ರಿ ಚೇಂಫರಿನ ಬೆನ್ನಿಗೆ ಒಂದೆರಡು ಡಿಗ್ರಿಯ ಇನ್ನೊಂದು ಸಣ್ಣ ಇಳಿಜಾರು ಕೊಡಿಸಿ. ಮೊದಲನೆಯದು ಕೊಯ್ಯುತ್ತದೆ, ಎರಡನೆಯದು ಅದರ ಗುರುತು ಅಳಿಸುತ್ತದೆ, ಮೂಲೆಯ ಭಾರವೂ ಹಂಚಿಹೋಗುತ್ತದೆ. ಸ್ಟೀಲಿನ ಬೋರಿಗೆ ನಾನು ಮಾಡಿಕೊಡುವ ರೀಮರುಗಳಲ್ಲಿ ಇದೊಂದು ಬದಲಾವಣೆಯಿಂದ ಆದಷ್ಟು ಫರಕು ಬೇರೆ ಯಾವುದರಿಂದಲೂ ಆಗಿಲ್ಲ.

ಈಗ ಬ್ಯಾಕ್ ಟೇಪರಿನ ಲೆಕ್ಕ. ಮೂಲೆ ಸವೆದ ರೀಮರನ್ನು ಮೂತಿಯಿಂದ ಒಂದೂವರೆ ಎಂಎಂ ಹಿಂದಕ್ಕೆ ಸಾಣೆ ಮಾಡಿದರೆ ಹೊಸ ಮಾರ್ಜಿನ್ ಸಿಗುತ್ತದೆ. ಅಲ್ಲಿ ವ್ಯಾಸ ಎಷ್ಟು ಕಡಿಮೆ? ನೂರು ಎಂಎಂಗೆ 20 ಮೈಕ್ರಾನ್ ಆದರೆ ಒಂದೂವರೆಗೆ ಮೈಕ್ರಾನಿನ ಹತ್ತನೇ ಮೂರು ಭಾಗ. ಹತ್ತು ಸಲ ಸಾಣೆ ಮಾಡಿದರೂ ಕಳೆದುಕೊಳ್ಳುವುದು ಮೂರೇ ಮೈಕ್ರಾನ್. 20.015ರಲ್ಲಿ ಬಂದ ರೀಮರ್ ಆಗಲೂ 20.012 ಇರುತ್ತದೆ. ಇದನ್ನು ಬಿಟ್ಟು ಮಾರ್ಜಿನ್ ಮೇಲೆ ಆಯಿಲ್ ಸ್ಟೋನ್ ಉಜ್ಜುವವರು ಒಂದೇ ಸಲಕ್ಕೆ ಐದು ಮೈಕ್ರಾನ್ ತೆಗೆದು ರೀಮರನ್ನು ಗುಜರಿಗೆ ಹಾಕುತ್ತಾರೆ. ಹಾಗೆಯೇ ತಡಮಾಡಿ ತರಬೇಡಿ. ಚೇಂಫರಿನಲ್ಲಿ ಸವೆದ ಪಟ್ಟಿ 0.15 ಮುಟ್ಟುತ್ತಲೇ ತಂದರೆ ಒಂದು ಎಂಎಂ ತೆಗೆದರೆ ಮುಗಿಯಿತು. ಕಿರುಚುವ ತನಕ ಓಡಿಸಿ ತಂದರೆ ಮಾರ್ಜಿನ್ ನಾಲ್ಕು-ಐದು ಎಂಎಂ ಒಳಗಿನವರೆಗೂ ಸವೆದಿರುತ್ತದೆ, ಅಷ್ಟನ್ನೂ ಕತ್ತರಿಸಿ ಬಿಸಾಡಬೇಕು.

ಗೋ ಗೇಜಿನ ಗಂಟು

ಹುಡುಗನ ರೀಮರಿನ ಮೂಲೆಗಳು ಆರೂ ಹೊಳೆಯುತ್ತಿದ್ದವು. ಮೂಲೆಯಿಂದ ಅರ್ಧ ಎಂಎಂ ಹಿಂದಿನವರೆಗೆ ಮಾರ್ಜಿನ್ ಕೂಡ ಸವೆದಿತ್ತು. ಹತ್ತಿ ಎರಡು ಹಲ್ಲಿನ ಮೇಲೆ ಸಿಕ್ಕಿತು, ಚೀಲದಲ್ಲಿದ್ದ ಸ್ಪ್ಯಾನರಿನ ಪ್ರಸಾದ. ಎಷ್ಟು ಆರ್‌ಪಿಎಂ ಅಂದೆ. "ಐದನೂರ್ರಿ." 20 ಎಂಎಂಗೆ 500 ಅಂದರೆ ನಿಮಿಷಕ್ಕೆ 31 ಮೀಟರ್. 200 ಸಾಕಿತ್ತು.

"ಕೂಲಂಟ್?"

"ಗನ್‌ಮೆಟಲ್ ಐತಲ್ರಿ, ಒಣದ ಹೊಡಿತೀವಿ."

"ಜಾಬ್ ತಗದ ಕೂಡ್ಲೆ ಕೈಯಾಗ ಹಿಡಿಯಾಕ ಬರತೈತೇನು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅರಬಿ ಸುತ್ತಿ ಹಿಡಿತೀವ್ರಿ" ಅಂದ.

ಗಂಟು ಬಿಚ್ಚಿತು. ಮೂಲೆ ಸವೆದ ರೀಮರ್ ಕೊಯ್ಯುವ ಬದಲು ಉಜ್ಜುತ್ತಿತ್ತು, ಮೇಲೆ ಒಣ ಓಟ, ಎರಡೂವರೆ ಪಟ್ಟು ಸ್ಪೀಡು. ಬುಶ್ ಕಾಯ್ದು ಹಿಗ್ಗುತ್ತಿತ್ತು. ಹಿಗ್ಗಿದ ಬುಶ್ಶಿಗೆ ಅಲ್ಲೇ ಗೋ ಗೇಜ್ ಹಾಕಿ ಪಾಸ್ ಮಾಡುತ್ತಿದ್ದರು. ಗನ್‌ಮೆಟಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ. ಬುಶ್ ಗೇಜಿಗಿಂತ 25 ಡಿಗ್ರಿ ಬಿಸಿಯಿದ್ದರೆ 20 ಎಂಎಂ ಬೋರಿನಲ್ಲಿ 9 ಮೈಕ್ರಾನ್. ಬಿಸಿಯಲ್ಲಿ 20.005 ಇದ್ದದ್ದು ಪಾರ್ಟಿಯ ಟೇಬಲ್ ಮೇಲೆ ತಣ್ಣಗಾಗಿ ಕೂತಾಗ 19.996. ಅವನು ತಂದಿದ್ದ ಐದು ಬುಶ್‌ಗಳನ್ನು ಅಳೆದಾಗ ಒಂದೂ 20 ಮುಟ್ಟಲಿಲ್ಲ. ತೆಳುಗೋಡೆಯ ಬುಶ್ ಆದ್ದರಿಂದ ರೀಮರ್ ಒತ್ತಿದಾಗ ಅಗಲವಾಗಿ ಬಿಟ್ಟಾಗ ಮುದುಡಿದ ಪಾಲೂ ಅದರಲ್ಲಿ ಒಂದೆರಡು ಮೈಕ್ರಾನ್ ಇದ್ದೀತು. ಪ್ರೆಸ್ ಮಾಡಿ ಕೂರಿಸುವ ಬುಶ್ ಆದರೆ ಇನ್ನೂ ಕಿರಿದಾಗುತ್ತದೆ, ಅದನ್ನು ಕೂರಿಸಿದ ಮೇಲೇ ರೀಮ್ ಮಾಡಬೇಕು. ಇವು ಅಂಥವಲ್ಲ, ಪುಣ್ಯ.

ಮೂತಿಯನ್ನು ಒಂದೂವರೆ ಎಂಎಂ ಹಿಂದಕ್ಕೆ ತಂದು, ಆರು ಹಲ್ಲನ್ನೂ ಸಮ ಮಾಡಿ ಕೊಟ್ಟೆ. 200 ಆರ್‌ಪಿಎಂ, ಪ್ರತಿ ಸುತ್ತಿಗೂ 0.3 ಎಂಎಂ ಫೀಡು, ಕೂಲಂಟ್ ಬಿಡು, ಬುಶ್‌ಗಳನ್ನು ಒಂದು ತಾಸು ಟ್ರೇಯಲ್ಲಿ ಬಿಟ್ಟು ಆಮೇಲೆ ಗೇಜ್ ಹಾಕು ಅಂತ ಹೇಳಿದೆ.

"ವಾಪಸ್ ಬಂದ ನಲವತ್ತಕ್ಕ ಏನ ಮಾಡೂಣ್ರಿ ಕಾಕಾ? ಎಮರಿ ಹಾಳಿ ಹಾಕಿ ತಿಕ್ಕಲೇನ್ರಿ?"

ತಿಕ್ಕಬೇಡ ಅಂದೆ. ಎಮರಿಯ ಹರಳು ಗನ್‌ಮೆಟಲ್ಲಿನಲ್ಲಿ ಹೂತು ಕೂರುತ್ತದೆ, ಆಮೇಲೆ ಜನ್ಮವಿಡೀ ಸ್ಪಿಂಡಲ್ಲನ್ನು ಕೊರೆಯುತ್ತದೆ. ಮಷಿನ್ ರೀಮರನ್ನು ಮತ್ತೆ ಓಡಿಸಿದರೂ ನಾಲ್ಕು ಮೈಕ್ರಾನ್ ಕಚ್ಚಲು ಸಿಗದೆ ಬರೀ ಉಜ್ಜುತ್ತದೆ. ಇಂಥದ್ದಕ್ಕೆ ಇರುವುದು ಹ್ಯಾಂಡ್ ರೀಮರ್. ನನ್ನ ಹತ್ತಿರವಿದ್ದ ಅಡ್ಜಸ್ಟಬಲ್ ಹ್ಯಾಂಡ್ ರೀಮರನ್ನು 20.010ಕ್ಕೆ ಕೂಡಿಸಿ ಕೊಟ್ಟೆ. ವೈಸಿಗೆ ಬುಶ್ಶನ್ನು ಬಿಗಿಯಾಗಿ ಅಲ್ಲ, ತಿರುಗದಷ್ಟು ಮಾತ್ರ ಹಿಡಿ, ತೆಳು ಎಣ್ಣೆ ಹಚ್ಚು, ಒಂದೇ ದಿಕ್ಕಿಗೆ ತಿರುಗಿಸುತ್ತ ಕೆಳಗಿನಿಂದಲೇ ಹೊರಗೆ ತೆಗಿ ಅಂತ ಹೇಳಿ ಮೊದಲ ಎರಡನ್ನು ನಾನೇ ಮಾಡಿ ತೋರಿಸಿದೆ.

ಎರಡು ಸಂಜೆ ಕೂತು ನಲವತ್ತನ್ನೂ ಮುಗಿಸಿದ. ಮೂರು ವೈಸಿನಲ್ಲಿ ಅಮುಕಿ ಮೊಟ್ಟೆಯಾಕಾರ ಆದವು, ಉಳಿದ ಮೂವತ್ತೇಳು ಪಾಸಾದವು. ಹ್ಯಾಂಡ್ ರೀಮರ್ ವಾಪಸ್ ಕೊಡಲು ಬಂದಾಗ ಅದನ್ನು ವೈರಿಂಗಿನ ಪಿವಿಸಿ ಪೈಪಿನ ತುಂಡಿನಲ್ಲಿ ಹಾಕಿ, ಎರಡೂ ಬಾಯಿಗೆ ಅರಬಿ ತುರುಕಿಕೊಂಡು ತಂದಿದ್ದ.